ತೊಳೆಯಬಾರದ ಗುಡಾಣ

ನೆಮೇಸಿಯತ್ತೆ ನನ್ನನ್ನು ಒಳಗೆ ಕೂಗಿದಾಗ ನಾನು ಅಂಗಳದಲ್ಲಿ ನಮ್ಮ ಡಾಕ್ಟರರಾಗಿದ್ದೆ. ಎರಡೂ ಹೆಬ್ಬೆರಳನ್ನು ಬೆಲ್ಟಿಗೆ ಸಿಕ್ಕಿಸಿ, ಇಲ್ಲದ ಹೊಟ್ಟೆಯನ್ನು ಮುಂದೆ ಬಿಟ್ಟು, ಗಂಟಲನ್ನು ಗೊರಗೊರ ಎನ್ನಿಸಿ, "ಮಹನೀಯರೇ, ಇದು ಮಣ್ಣಲ್ಲ, ಮಾಹಿತಿ!" ಎಂದು ಅಗೆಯುವವರಿಗೆ ಭಾಷಣ ಬಿಗಿಯುತ್ತಿದ್ದೆ. ಅಸಲಿ ಡಾಕ್ಟರ್ ಉಗಾಸ್ ಆಗ ಗುಡ್ಡದ ಮೇಲಿದ್ದರು. ಅವರು ರಾಜಧಾನಿ ಲಿಮಾದವರು. ಬದುಕಿದವರ ನಾಡಿ ಹಿಡಿಯುವ ಡಾಕ್ಟರಲ್ಲ. ಸತ್ತು ಸಾವಿರ ವರ್ಷ ದಾಟಿದವರು ಏನು ತಿಂದರು, ಏನು ಕುಡಿದರು ಎಂದು ಪತ್ತೆ ಹಚ್ಚುವವರು. ಅವರ ಕೈಕೆಳಗೆ ನಾನು, ಸೋಸಿಮೊ ಸುಲ್ಕಾ, ಅಗೆತದ ಮೇಲ್ವಿಚಾರಕ. ವಮಂಗ ಪಟ್ಟಣದ ಕಾಲೇಜಿನಲ್ಲಿ ಇತಿಹಾಸ ಓದಿ, ಕೊನೆಗೆ ಹುಟ್ಟಿದ ಊರಿನ ಗುಡ್ಡವನ್ನೇ ಅಗೆಯಲು ವಾಪಸು ಬಂದವನು.

ನಮ್ಮೂರು ಉಚುಪಾತದ ನೆತ್ತಿಯ ಮೇಲಿರುವ ಆ ಗುಡ್ಡದಲ್ಲಿ ಸಾವಿರ ವರ್ಷದ ಹಿಂದಿನ ವಾರಿ ಜನ ಚಿಚಾ ಎಂಬ ಕಳ್ಳಿನಂಥ ಪಾನೀಯ ಕುದಿಸುತ್ತಿದ್ದ ದೊಡ್ಡ ಮನೆಯೊಂದು ಸಿಕ್ಕಿತ್ತು. ಸಾಲಾಗಿ ಒಲೆಗಳು, ಮೊಣಕಾಲೆತ್ತರ ಬೂದಿ, ಒಬ್ಬ ಆಳು ಇಳಿದು ಕೂರಬಹುದಾದಂಥ ಗುಡಾಣಗಳ ಚೂರುಗಳು. ಮಣ್ಣಿನಲ್ಲಿ ಹುದುಗಿದ್ದ ಹುದುಗಿನ ಮನೆ. ಕೆಲಸ ಶುರುವಾದ ದಿನವೇ ಡಾಕ್ಟರರು ಒಂದು ಕಟ್ಟಪ್ಪಣೆ ಮಾಡಿದ್ದರು: ಕುಡಿಯುವ ಮುನ್ನ ಭೂತಾಯಿಗೆ ಮೊದಲ ಗುಟುಕು ಚೆಲ್ಲುವವರು ಗುಂಡಿಯಿಂದ ಆಚೆ ಹೋಗಿ ಚೆಲ್ಲಬೇಕು. ಇಲ್ಲದಿದ್ದರೆ ಪ್ರಯೋಗಾಲಯದವರು ಸಾವಿರ ವರ್ಷದ ನೆಲದಲ್ಲಿ ನೆಮೇಸಿಯತ್ತೆಯ ಕಳೆದ ವಾರದ ಚಿಚಾ ಕಂಡುಹಿಡಿದು ಕುಣಿದಾಡಿಯಾರು.

ಅತ್ತೆಯ ಮನೆಯೇ ನಮ್ಮ ಬಿಡಾರ. ಗುಡ್ಡದಿಂದ ಇಳಿಸಿದ ಚೂರುಗಳನ್ನು ತೊಳೆದು, ಬಿಸಿಲಿಗಿಟ್ಟು, ನಂಬರು ಬರೆಯುವುದೆಲ್ಲ ಅವಳ ಅಂಗಳದಲ್ಲೇ.

"ಲೋ ಸೋಸಿಮೊ! ಕುಣಿದಿದ್ದು ಸಾಕು, ಬಾ ಒಳಗೆ. ಕಿವಿ ಇಡು."

"ಎಲ್ಲಿಗತ್ತೆ?"

"ನನ್ನ ಬಾಯಿಗೆ! ಗುಡಾಣಕ್ಕೆ ಇಡೋ."

ಕತ್ತಲ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ಗುಡಾಣಕ್ಕೆ ನಾನು ಕಿವಿ ಹಚ್ಚಿದೆ. ಮೆಕ್ಕೆಜೋಳದ ಮೊಳಕೆಯನ್ನು ಅರೆದು, ಕುದಿಸಿ, ಸೋಸಿ ಅದರೊಳಗೆ ಸುರಿದು ರಾತ್ರಿ ಕಳೆದಿತ್ತು. ಇಷ್ಟು ಹೊತ್ತಿಗೆ ಒಳಗಿನಿಂದ ಸದ್ದು ಕೇಳಬೇಕು, ಚರ್ಚಿನ ಕೊನೆಯ ಬೆಂಚಿನಲ್ಲಿ ಹೆಂಗಸರು ಪಿಸುಗುಟ್ಟುವಂಥ ಸದ್ದು. ನನಗೆ ಕೇಳಿದ್ದು ನನ್ನ ಕಿವಿಯದೇ ಗುಂಯ್ ಎನ್ನುವ ಶಬ್ದ. ಗುಡಾಣ ಮಾತ್ರ, ಪಾದ್ರಿ ಪ್ರಶ್ನೆ ಕೇಳಿದಾಗ ನಮ್ಮೂರ ಗಂಡಸರು ಇರುತ್ತಾರಲ್ಲ, ಹಾಗೆ ತೆಪ್ಪಗಿತ್ತು.

"ಚಳಿ ಇರಬೇಕತ್ತೆ."

"ಚಳಿಗಾಲ ಹೋಗಿ ಆಯ್ತು. ನಮ್ಮವ್ವನ ಕಾಲದಿಂದ ಇದು ಒಂದು ದಿನಾನೂ ಹೀಗೆ ಬಾಯಿ ಮುಚ್ಕೊಂಡು ಕೂತಿಲ್ಲ ಕಣೋ."

ಹಬ್ಬಕ್ಕೆ ಇನ್ನು ಎರಡು ವಾರವೂ ಇರಲಿಲ್ಲ. ಬಿತ್ತನೆಗೆ ಮುಂಚೆ ಊರಿಗೆ ಊರೇ ಗುದ್ದಲಿ ಹಿಡಿದು ಹೋಗಿ ಕಾಲುವೆಯ ಹೂಳು ಕೆರೆಯುತ್ತದೆ. ಅಂದು ಎಲ್ಲರಿಗೂ ಚಿಚಾ ಹೊಯ್ಯುವ ಹೊಣೆ ವರ್ಷಕ್ಕೊಬ್ಬರದು. ಈ ವರ್ಷ ಅತ್ತೆ ತಾನೇ ಎದ್ದು ನಿಂತು ಅದನ್ನು ಕೇಳಿ ಪಡೆದಿದ್ದಳು. ಗಂಡನಿಲ್ಲದ ಹೆಂಗಸು ಈ ಹೊಣೆ ಹೊತ್ತದ್ದು ನಮ್ಮೂರಲ್ಲಿ ಯಾರಿಗೂ ನೆನಪಿರಲಿಲ್ಲ. "ನಿಭಾಯಿಸ್ತೀಯಾ ತಾಯಿ?" ಎಂದು ನೀರಿನ ಯಜಮಾನ ಗ್ಲಿಸೇರಿಯೊ, ಊರೆಲ್ಲ ತೈತಾ ಎಂದು ಕರೆಯುವ ಹಿರಿಯ, ತನ್ನ ಬೆಳ್ಳಿ ಕಟ್ಟಿನ ಕೋಲಿನ ಮೇಲೆ ಗದ್ದ ಊರಿ ಕೇಳಿದ್ದ. "ನಿಭಾಯಿಸದೆ ಏನು, ಇಸಿದೋರಾಳ ಮಗಳು ನಾನು" ಎಂದಿದ್ದಳು ಅತ್ತೆ. ಇಸಿದೋರಾ ಅಂದರೆ ನನ್ನ ಅಜ್ಜಿ. ಆಕೆಯ ಚಿಚಾ ಕುಡಿಯಲು ಪಕ್ಕದ ಕಣಿವೆಯಿಂದ ಜನ ಹೇಸರಗತ್ತೆ ಹತ್ತಿ ಬರುತ್ತಿದ್ದರು. ಆ ರುಚಿ ಇದ್ದದ್ದು ಈ ಗುಡಾಣದಲ್ಲಿ. ಉಳಿದ ಮನೆಗಳಲ್ಲಿ ತಳದ ಗಷ್ಟನ್ನು ಬೇರೆ ಎತ್ತಿಟ್ಟು ಮುಂದಿನ ಪಾಕಕ್ಕೆ ಹೆಪ್ಪು ಹಾಕುತ್ತಾರೆ; ನಮ್ಮ ಮನೆಯಲ್ಲಿ ಗುಡಾಣದ ಒಳಮೈಯೇ ಹೆಪ್ಪು. ಪಾಕ ಖಾಲಿಯಾದ ಮೇಲೆ ಬಿಸಿನೀರು ತೋರಿಸಿ, ಅಂಗಳದಲ್ಲಿ ಬೋರಲು ಹಾಕಿ ಬಿಸಿಲು ಕಾಣಿಸುವುದು, ಅಷ್ಟೇ. ಉಜ್ಜುವ ಹಾಗಿಲ್ಲ, ತಿಕ್ಕುವ ಹಾಗಿಲ್ಲ. ಈಗ ಹಾಕಿದ್ದು ಹಬ್ಬದ ಪಾಕವೂ ಅಲ್ಲ. ಚಳಿಗಾಲವಿಡೀ ಮಲಗಿದ್ದ ಗುಡಾಣವನ್ನು ಎಬ್ಬಿಸಲು ಹಾಕಿದ ಚಿಕ್ಕ ಪಾಕ. ಅದೇ ಏಳದಿದ್ದರೆ ದೊಡ್ಡದು ಹೇಗೆ ಏಳಬೇಕು? ಚಿಚಾ ಎನ್ನಬೇಕಾದ ಊರು ಛೀ ಛೀ ಎಂದೀತು.

ಕಂಬಳಿ ಸರಿಸಿ ಗುಡಾಣವನ್ನು ಒಲೆಯ ಹತ್ತಿರ ಸರಿಸೋಣವೆಂದು ಮಂಡಿಯೂರಿದೆ. ಬುಡದ ಹತ್ತಿರ, ಗೋಡೆಯ ಕಡೆ, ಏನೋ ಕಪ್ಪಗೆ ಕಂಡಿತು. ಬೆಂಕಿಕಡ್ಡಿ ಗೀರಿ ನೋಡಿದೆ. ಇಂಡಿಯನ್ ಇಂಕಿನಲ್ಲಿ, ಮುತ್ತು ಪೋಣಿಸಿದಂತೆ ಬರೆದಿತ್ತು: ಸಿ-೪೧೭.

ಆ ಅಕ್ಷರ ನನಗೆ ಗೊತ್ತು. ನೋರ್ಕಾಳದು.

ನೋರ್ಕಾ ವಾಂತಾ ಊರಿನ ಕಡೆಯ ಹುಡುಗಿ, ನಮ್ಮಲ್ಲಿ ಕಲಿಯಲು ಬಂದಿದ್ದ ವಿದ್ಯಾರ್ಥಿನಿ. ಗುಂಡಿಗಳಲ್ಲಿ ಸಿಕ್ಕ ಬೀಜಗಳೇ ಅವಳ ಅಧ್ಯಯನ. ಚೂರು ತೊಳೆಯುವುದು ಅವಳ ಪಾಳಿ. ಕೆಲಸದಲ್ಲಿ ಎಷ್ಟು ಅಚ್ಚುಕಟ್ಟು ಎಂದರೆ ಒಂದು ಸಲ ಡಾಕ್ಟರರು ಮರೆತು ಇಟ್ಟ ಕಾಫಿ ಲೋಟವನ್ನೂ ತೊಳೆದು ಚೂರುಗಳ ಸಾಲಿನಲ್ಲಿ ಒಣಗಲು ಇಟ್ಟಿದ್ದಳು. ನಾನು ಕರೆದು ಗುಡಾಣ ತೋರಿಸಿದೆ.

"ಹಾಂ, ಇದಾ?" ಎಂದಳು ಉತ್ಸಾಹದಿಂದ. "ಹೋದ ತಿಂಗಳು ಅಂಗಳದಲ್ಲಿ ಬೋರಲು ಬಿದ್ದಿತ್ತು. ಬಾಯಿ ಒಡ್ದು ಅಂಟಿಸಿರೋದು ನೋಡಿ ಗುಡ್ಡದ್ದೇ ಅಂದ್ಕೊಂಡೆ. ಒಳಗೆ ಎಷ್ಟು ಕೊಳೆ ಇತ್ತು ಅಂತೀರಿ! ಬ್ರಷ್ ಹಾಕಿ, ಸ್ವಲ್ಪ ಆಸಿಡ್ ನೀರು ಹಾಕಿ, ಪೂರ್ತಿ ಒಂದು ಮಧ್ಯಾಹ್ನ ಉಜ್ಜಿದೀನಿ. ಹೊಸದರ ಥರ ಆಗಿತ್ತು. ಆಮೇಲೆ ಎಲ್ಲಿ ಹೋಯ್ತು ಅಂತ ಹುಡುಕ್ತಾನೇ ಇದ್ದೆ..."

ಮಾತು ಮುಗಿಸುವಷ್ಟರಲ್ಲಿ ಅತ್ತೆಯ ಮುಖವನ್ನೂ ನನ್ನ ಮುಖವನ್ನೂ ನೋಡಿದಳು. ಗುಡಾಣದ ಮೇಲಿನ ಕಂಬಳಿ ನೋಡಿದಳು. ಕೈಯಲ್ಲಿದ್ದ ಬ್ರಷ್ಷು ನೆಲಕ್ಕೆ ಬಿತ್ತು.

ಅತ್ತೆ ಬೈಯಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು. ಸುಮ್ಮನೆ ಗುಡಾಣದ ಪಕ್ಕ ಕುಕ್ಕರಿಸಿ ಅದರ ಹೊಟ್ಟೆಯ ಮೇಲೆ ಕೈ ಆಡಿಸುತ್ತ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಅಂಗಳದಲ್ಲಿ ಮೇಯುತ್ತಿದ್ದ ಕೋಳಿಯನ್ನು ನೋಡಿ, "ನಿನ್ನ ವಂಶ ನಾಶ ಆಗ, ಅಲ್ಲೇನು ಕೆದಕ್ತೀಯೇ!" ಎಂದು ಅದಕ್ಕೆ ಬಯ್ದಳು. ನೋರ್ಕಾ ಕೋಳಿಗಿಂತ ಮೊದಲು ಅಲ್ಲಿಂದ ಓಡಿದಳು.

ಸಂಜೆಯ ಹೊತ್ತಿಗೆ ಸುದ್ದಿ ಗುಡ್ಡಕ್ಕೂ ಹತ್ತಿ, ಊರಿಗೂ ಇಳಿದಿತ್ತು. ಡಾಕ್ಟರರು ಟೋಪಿ ಕೈಯಲ್ಲಿ ಹಿಡಿದು ಬಂದು ಗಂಟಲು ಸರಿಮಾಡಿಕೊಂಡರು. ನಾನು ಮಾಡುವುದಕ್ಕಿಂತ ಚೆನ್ನಾಗಿಯೇ ಮಾಡಿದರು ಅನ್ನಿ.

"ದೊನ್ಯಾ ನೆಮೇಸಿಯಾ, ನಮ್ಮ ತಂಡದ ಪರವಾಗಿ ತೀವ್ರವಾದ ವಿಷಾದವನ್ನು..."

"ವಿಷಾದ ಹುದುಗು ಬರುತ್ತಾ ಡಾಕ್ಟ್ರೇ?"

"ಅಂದ್ರೆ?"

"ಗುಡಾಣದೊಳಗೆ ಹಾಕಿದ್ರೆ ನೊರೆ ಎಬ್ಬಿಸುತ್ತಾ ಅಂತ. ಎಬ್ಬಿಸೋದಾದ್ರೆ ಒಂದು ಬುಟ್ಟಿ ಇಟ್ಟು ಹೋಗಿ."

ಡಾಕ್ಟರರು ಟೋಪಿಯನ್ನು ಮತ್ತೆ ಹಾಕಿಕೊಂಡರು. ಬಾಗಿಲ ಹಿಂದೆ ಮೂಗು ಕೆಂಪು ಮಾಡಿಕೊಂಡು ನಿಂತಿದ್ದ ನೋರ್ಕಾ ಧೈರ್ಯ ಮಾಡಿ, "ಅಮ್ಮಾ, ವಮಂಗಕ್ಕೆ ಹೋಗಿ ಬ್ರೆಡ್ಡಿಗೆ ಹಾಕೋ ಈಸ್ಟ್ ತರ್ಲಾ?" ಎಂದಳು.

"ಯಾಕೆ, ಕಾಲುವೆ ಕೆರೆಯೋರಿಗೆ ಕುಡಿಯೋ ಬನ್ನು ಹೊಯ್ಲಾ?"

ಅತ್ತೆಗೆ ಮಾತು ಬಂತಲ್ಲ ಎಂದು ನನಗೆ ಒಳಗೊಳಗೇ ಸಮಾಧಾನ. ಆದರೆ ಅಷ್ಟರಲ್ಲಿ ಹೆರ್ಮೆಲಿಂದಾ ಬಂದಳು. ಊರ ಕೆಳಗೇರಿಯಲ್ಲಿ ಕೋಲಿಗೆ ಕೆಂಪು ಬಟ್ಟೆ ಕಟ್ಟಿ ಚಿಚಾ ಮಾರುವವಳು. ಅತ್ತೆಯ ಮಗನಿಗೆ ಜ್ಞಾನಸ್ನಾನದ ತಾಯಿಯಾದ್ದರಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ. ಹಾಗೆಂದು ಕರೆಯುತ್ತಲೇ ಚುಚ್ಚುತ್ತಾರೆ.

"ಕೊಮಾದ್ರೆ, ನಿನ್ನ ಗುಡಾಣಕ್ಕೆ ಜ್ಞಾನಸ್ನಾನ ಆಯ್ತಂತೆ? ಹೆಸರೂ ಇಟ್ರಂತೆ, ನಾನೂರಾ ಹದಿನೇಳು ಅಂತ? ನನ್ನನ್ನ ಕರೀಲೇ ಇಲ್ಲವಲ್ಲೇ!"

"ಕರೆದಿದ್ರೆ ಉಡುಗೊರೆ ತರಬೇಕಾಗ್ತಿತ್ತು, ನಿನಗ್ಯಾಕೆ ಕಷ್ಟ ಅಂತ."

"ತಂದಿದೀನಿ ನೋಡು." ಹೆರ್ಮೆಲಿಂದಾ ಶಾಲಿನೊಳಗಿಂದ ಒಂದು ಕುಡಿಕೆ ತೆಗೆದಳು. ಮೇಲೆ ಎಲೆ ಮುಚ್ಚಿತ್ತು. "ನನ್ನ ಗಷ್ಟು. ಹೆಪ್ಪು ಹಾಕ್ಕೋ. ಹಬ್ಬ ಕೆಡಬಾರ್ದು."

ಕುಡಿಕೆಯನ್ನು ಅತ್ತೆ ನೋಡಿದಳು. ಮುಟ್ಟಲಿಲ್ಲ.

"ನಿನ್ನ ಗಷ್ಟು ಹಾಕಿದ್ರೆ ಅದು ನಿನ್ನ ಚಿಚಾ ಆಗುತ್ತೆ ಕೊಮಾದ್ರೆ. ರಟ್ಟೆ ನೋಯೋದು ನಂದು, ಜನ ಬಾಯಿ ಚಪ್ಪರಿಸೋದು ನಿಂದು. ಗ್ಲಿಸೇರಿಯೊ ತೈತಾನ ನಾಲಿಗೆಗೆ ಒಂದು ಗುಟುಕು ಸಾಕು, ಯಾವ ಮನೆದು ಅಂತ ಹೇಳಿಬಿಡ್ತಾನೆ."

"ಮತ್ತೇನು ಮಾಡ್ತೀಯ? ಸಿಹಿ ಗಂಜಿ ಹೊಯ್ತೀಯಾ ಊರಿಗೆ?"

"ನೋಡ್ತೀನಿ."

ಹೆರ್ಮೆಲಿಂದಾ ಕುಡಿಕೆಯನ್ನು ಕಟ್ಟೆಯ ಮೇಲೇ ಇಟ್ಟು ಹೋದಳು. ಅತ್ತೆ ಅದನ್ನು ವಾಪಸು ಕಳಿಸಲೂ ಇಲ್ಲ, ಒಳಗೆ ತರಲೂ ಇಲ್ಲ. ಸತ್ತ ಪಾಕವನ್ನು ಮಾರನೆಯ ಬೆಳಿಗ್ಗೆ ಹಂದಿಗಳಿಗೆ ಸುರಿದಾಗ ಅವು ಸಂತೋಷವಾಗಿ ಕುಡಿದವು. ಅತ್ತೆ ಆ ಕಡೆ ತಿರುಗಿಯೂ ನೋಡಲಿಲ್ಲ.

ಅಂದು ಗುಡ್ಡದ ಮೇಲೆ ನೋರ್ಕಾ ಊಟ ಮುಟ್ಟಲಿಲ್ಲ. ಬೀಜಗಳ ತಟ್ಟೆ ಮುಂದಿಟ್ಟುಕೊಂಡು ಚಿಮುಟದಿಂದ ಆರಿಸುತ್ತ ಕೂತವಳು ಇದ್ದಕ್ಕಿದ್ದಂತೆ ತಲೆ ಎತ್ತಿದಳು.

"ಸೋಸಿಮೊ, ಒಂದು ಮಾತು. ಈ ಜನ ಇಲ್ಲಿಗೆ ಬಂದು ಮೊದಲ್ನೇ ಗುಡಾಣ ಸುಟ್ರಲ್ಲ, ಅದೂ ಹೊಸದೇ ತಾನೆ? ಅದರ ಒಳಗೂ ಏನೂ ಇರ್ಲಿಲ್ಲ ತಾನೆ?"

"ಇರ್ಲಿಲ್ಲ."

"ಹಾಗಾದ್ರೆ ಮೊದಲ್ನೇ ಹೆಪ್ಪು ಎಲ್ಲಿಂದ ತಂದ್ರು?"

ನಾನು ಬಗ್ಗಿ ನೋಡಿದೆ. ಅವಳ ತಟ್ಟೆಯ ತುಂಬ ಮೆಣಸಿನ ಕಾಳಿನಷ್ಟು ದಪ್ಪದ, ಸುಟ್ಟು ಕಪ್ಪಾದ ಮೊಯ್ಯೆ ಬೀಜಗಳಿದ್ದವು. ಒಲೆಗಳ ಪಕ್ಕದ ಗುಂಡಿಗಳಲ್ಲಿ ಬೇರೇನೂ ಇರಲಿಲ್ಲ, ಬುಟ್ಟಿಗಟ್ಟಲೆ ಇದೇ. ಮೊಯ್ಯೆ ಮರ ನಮ್ಮೂರ ಕೆಳಗಿನ ಕೊರಕಲಿನ ಉದ್ದಕ್ಕೂ ಇದೆ. ಜಡೆ ಬಿಟ್ಟ ಹೆಂಗಸಿನ ಹಾಗೆ ಎಲೆ ಇಳಿಬಿಟ್ಟು, ಕೆಂಪು ಗೊಂಚಲು ತೂಗಿಸಿಕೊಂಡು ನಿಂತಿರುತ್ತದೆ. ನಮಗದು ಮಂಡಿನೋವಿಗೆ ಕಟ್ಟುವ ಸೊಪ್ಪು, ಕೋಳಿಗೂಡಿನ ಹೇನಿಗೆ ಹಾಕುವ ಹೊಗೆ. ವಮಂಗದಲ್ಲಿ ಕೆಲವರು ಅದರಿಂದಲೂ ಚಿಚಾ ಮಾಡುತ್ತಾರೆ, ಕಾಲೇಜಿನ ದಿನಗಳಲ್ಲಿ ನಾನೇ ಕುಡಿದಿದ್ದೆ. ಹೇಗೆ ಮಾಡುತ್ತಾರೆ ಎಂದು ಕೇಳುವ ಸ್ಥಿತಿಯಲ್ಲಿ ಆಗ ನಾನು ಇರುತ್ತಿರಲಿಲ್ಲ.

"ದ್ರಾಕ್ಷಿ ಮೇಲೆ ಬೂದಿ ಥರ ಇರುತ್ತಲ್ಲ, ಹುದುಗು ಅದರಲ್ಲೇ ಇರುತ್ತೆ," ಎಂದಳು ನೋರ್ಕಾ. "ಮೊಯ್ಯೆ ಕಾಯಿ ಸಿಪ್ಪೆ ಮೇಲೂ ಇರಬಹುದಲ್ವಾ?"

ಇಬ್ಬರೂ ಕೊರಕಲಿಗೆ ಇಳಿದೆವು. ಗೊಂಚಲು ಕಿತ್ತು ಕಿತ್ತು ಬೆರಳೆಲ್ಲ ಅಂಟಂಟು. ಎರಡು ಬುಟ್ಟಿ ತುಂಬಿಸಿ ತಂದು ಅತ್ತೆಯ ಮುಂದೆ ಇಟ್ಟು ನೋರ್ಕಾ ಉಸಿರು ಬಿಡದೆ ಎಲ್ಲ ಹೇಳಿದಳು.

ಅತ್ತೆ ಒಂದು ಕಾಯಿಯನ್ನು ಬೆರಳಲ್ಲಿ ಹೊರಳಿಸಿದಳು.

"ಅಂದ್ರೆ ನನ್ನ ಗುಡಾಣಕ್ಕೆ ಕೋಳಿ ಹೇನಿನ ಔಷಧಿ ಹಾಕು ಅಂತೀಯ."

"ಸಾವಿರ ವರ್ಷದ ಹಿಂದೆ ಹಾಕ್ತಿದ್ರು ಅಮ್ಮಾ."

"ಅದಕ್ಕೇ ಸತ್ತಿದಾರೆ."

ಆದರೂ ಬುಟ್ಟಿಯನ್ನು ಆಚೆ ತಳ್ಳಲಿಲ್ಲ. ಬೇರೆ ದಾರಿಯೂ ಇರಲಿಲ್ಲವಲ್ಲ. ಮೆಕ್ಕೆಜೋಳಕ್ಕೆ ಏನು ಮಾಡುತ್ತಿದ್ದಳೋ ಅದನ್ನೇ ಮಾಡಿದಳು: ಕಾಯಿಗಳನ್ನು ಕಲ್ಲಿನ ಮೇಲೆ ಸುರಿದು ಗುಂಡಿನಿಂದ ನುಣ್ಣಗೆ ಅರೆದಳು, ನೀರು ಬೆರೆಸಿದಳು, ಹೆಸರಿಗೆ ತಕ್ಕ ಕೆಲಸವೆಂದು ಸೋಸುವುದನ್ನು ಸೋಸಿಮೊ ಎಂಬ ನನ್ನ ತಲೆಗೆ ಕಟ್ಟಿದಳು. ಮಾರನೆಯ ದಿನ ಮೂವರೂ ರುಚಿ ನೋಡಿದೆವು. ನಾಲಿಗೆಗೆ ಟರ್ಪೆಂಟೈನ್ ಬಳಿದ ಹಾಗಾಯಿತು. ನೋರ್ಕಾಳ ಕಣ್ಣಲ್ಲಿ ನೀರು. ಅಳುವೋ ಖಾರವೋ ತಿಳಿಯಲಿಲ್ಲ.

"ಆಹಾ," ಎಂದಳು ಅತ್ತೆ, ಬಾಯಿ ಒರೆಸಿಕೊಂಡು. "ಬಾಗಿಲಿಗೆ ಬಳಿಯೋಕೆ ಚೆನ್ನಾಗಿದೆ. ಗೆದ್ದಲು ಹಿಡಿಯಲ್ಲ."

ನಕ್ಕಳು. ನಗುತ್ತಲೇ ಒಲೆಯ ಕಡೆ ತಿರುಗಿ, ಅಲ್ಲೇ ನಿಂತುಬಿಟ್ಟಳು. "ಗ್ಲಿಸೇರಿಯೊ ತೈತಾಗೆ ಹೇಳಿ ಬರ್ತೀನಿ ಕಣೋ. ಹೊಣೆ ಬೇರೆ ಯಾರಿಗಾದ್ರೂ ಕೊಡ್ಲಿ. ಇನ್ನೂ ಟೈಮಿದೆ, ಅವರು ಮೊಳಕೆ ಹಾಕ್ಕೋಬಹುದು." ಶಾಲು ಹೊದ್ದಳು.

"ಒಂದ್ನಿಮಿಷ ಅಮ್ಮಾ, ಒಂದೇ ನಿಮಿಷ!" ಎಂದು ನೋರ್ಕಾ ಅಂಗಳಕ್ಕೆ ಓಡಿ, ಗುಡ್ಡದಿಂದ ಇಳಿಸಿದ್ದ ತನ್ನ ಬೀಜದ ತಟ್ಟೆ ಹಿಡಿದು ಬಂದಳು. ಹಿಂದೆಯೇ ಡಾಕ್ಟರರು, "ಸೆನ್ಯೊರೀತಾ, ಆ ತಟ್ಟೆ ಅಡಿಗೆಮನೆಗೆ ಒಯ್ಯುವ ಹಾಗಿಲ್ಲ" ಎನ್ನುತ್ತ ಬಂದರು.

"ನೋಡಿ. ಇಷ್ಟು ಬೀಜ ಆರಿಸಿದೀನಿ, ಒಂದಾದ್ರೂ ಒಡೆದಿದ್ಯಾ? ಒಂದೂ ಇಲ್ಲ. ನಾನೇ ಬರೆದಿಟ್ಟಿದೀನಿ, ಎಲ್ಲ ಇಡೀ ಬೀಜ ಅಂತ. ಬರೆದೆ, ಯಾಕೆ ಅಂತ ಯೋಚನೇನೇ ಮಾಡ್ಲಿಲ್ಲ. ಅವರು ಅರೀತಿರ್ಲಿಲ್ಲ ಅಮ್ಮಾ!"

ಅತ್ತೆ ತಟ್ಟೆಯೊಳಗೆ ಕೈ ಹಾಕಿದಳು. ಒಂದು ಬೀಜ ಎತ್ತಿದಳು. ಬಾಯಿಗೆ ಹಾಕಿಕೊಂಡಳು.

ಡಾಕ್ಟರರ ಗಂಟಲಿನಿಂದ ಹೊರಟ ಸದ್ದನ್ನು ನಾನು ಆಮೇಲೆ ಎಷ್ಟೋ ಸಲ ಅನುಕರಿಸಲು ನೋಡಿದ್ದೇನೆ, ಇವತ್ತಿಗೂ ಬಂದಿಲ್ಲ. ಬಾಗಿಲಿಗೆ ಸಿಕ್ಕ ಬೆಕ್ಕಿನ ಸದ್ದಿಗೂ ಪೀಠದಿಂದ ಬೀಳುತ್ತಿರುವ ಬಿಷಪ್ಪರ ಸದ್ದಿಗೂ ಮಧ್ಯದ್ದು ಅದು.

"ದೊನ್ಯಾ ನೆಮೇಸಿಯಾ! ಅದು... ಅದು ಸಾವಿರ ವರ್ಷ..."

ಅತ್ತೆ ಕೈ ಎತ್ತಿ ಸುಮ್ಮನಿರಿಸಿದಳು. ಕಣ್ಣು ಮುಚ್ಚಿ ಬೀಜವನ್ನು ನಾಲಿಗೆಯ ಮೇಲೆ ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸಿದಳು. ಆಮೇಲೆ ಬುಟ್ಟಿಯಿಂದ ಹೊಸ ಕಾಯಿಯೊಂದನ್ನು ತೆಗೆದು ಇನ್ನೊಂದು ದವಡೆಗೆ ಇಟ್ಟುಕೊಂಡಳು. ಕಚ್ಚಲಿಲ್ಲ, ಬರೀ ಚೀಪಿದಳು. ಎಷ್ಟೋ ಹೊತ್ತಾದ ಮೇಲೆ ಎರಡನ್ನೂ ಅಂಗೈಗೆ ಉಗಿದಳು. ಪಕ್ಕಪಕ್ಕದಲ್ಲಿ ಇದ್ದವು: ಒಂದು ಕಪ್ಪು, ಒಂದು ಬಿಳಿಚು. ಎರಡರ ಮೈಮೇಲೂ ಅದೇ ಗೆರೆ, ಅದೇ ನುಣುಪು.

"ಸಿಹಿಯೆಲ್ಲ ಸಿಪ್ಪೇಲಿ ಇದೆ," ಎಂದಳು ನಿಧಾನವಾಗಿ. "ಬೀಜ ಬರೀ ಖಾರ. ಇದನ್ನ ಅರೀಬಾರ್ದು, ಉಜ್ಜಬೇಕು. ಕೂಸಿಗೆ ಎಣ್ಣೆ ಹಚ್ತೀವಲ್ಲ, ಹಂಗೆ. ಬೆಚ್ಚನೆ ನೀರಲ್ಲಿ. ಕುದಿಸಲೂಬಾರ್ದೇನೋ, ಕುದಿಸಿದ್ರೆ ಆ ಖಾರ ಬಿಟ್ಕೊಳ್ಳುತ್ತೆ."

ಕಪ್ಪು ಬೀಜವನ್ನು ಸೀರೆಯಂಥ ತನ್ನ ದೊಡ್ಡ ಲಂಗದ ಅಂಚಿಗೆ ಒರೆಸಿ ಡಾಕ್ಟರರ ಕೈಗೆ ಕೊಟ್ಟಳು. "ತಗೊಳ್ಳಿ, ಏನೂ ಆಗಿಲ್ಲ."

ಡಾಕ್ಟರರು ಅದನ್ನು ಒಂದು ಪುಟ್ಟ ಚೀಲಕ್ಕೆ ಹಾಕಿ, ಬಹಳ ಹೊತ್ತು ಯೋಚಿಸಿ, ಮೇಲೆ "ಚೀಪಿದ್ದು" ಎಂದು ಬರೆದರು. ಆ ಕ್ಷಣದಿಂದ ನನಗೆ ಅವರ ಮೇಲೆ ಪ್ರೀತಿ ಹುಟ್ಟಿತು. ಅಣಕಿಸುವುದನ್ನೇನೂ ಬಿಡಲಿಲ್ಲ.

ಶಾಲು ಗೂಟಕ್ಕೆ ಹೋಯಿತು. ಹೊಸ ಕಾಯಿ ಬಂತು. ಡಾಕ್ಟರರೂ ತೋಳು ಮಡಚಿ ಕೂತರು. ನಾಲ್ವರೂ ಬೆಚ್ಚನೆ ನೀರಿನಲ್ಲಿ ಕೈ ಅದ್ದಿ ಮೊಯ್ಯೆ ಕಾಯಿಗಳನ್ನು ಅಂಗೈಗಳ ನಡುವೆ ಉಜ್ಜಿದೆವು. ಸಿಪ್ಪೆ ಕಳಚಿ ನೀರು ಜೇನುಬಣ್ಣವಾಯಿತು. ಬೀಜಗಳನ್ನು ಸೋಸಿ ತೆಗೆದು ಹಿತ್ತಲ ಗುಂಡಿಗೆ ಸುರಿಯುವಾಗ ಡಾಕ್ಟರರು ಇಣುಕಿ ನೋಡಿ, "ಗುಡ್ಡದ ಮೇಲೂ ಹೀಗೇ ಸುರಿದಿದ್ದಾರೆ ಕಣಯ್ಯಾ, ಇದೇ ಥರ, ಒಲೆಯಿಂದ ಇಷ್ಟೇ ದೂರದಲ್ಲಿ" ಎಂದು ಪಿಸುಗುಟ್ಟಿದರು. ಭಾಷಣದ ಗಂಟಲು ಅಲ್ಲವೇ ಅಲ್ಲ ಅದು. ಜೇನುಬಣ್ಣದ ನೀರನ್ನು ಗುಡಾಣಕ್ಕೆ ಸುರಿದು, ಕಂಬಳಿ ಹೊದೆಸಿದೆವು.

ಮರುದಿನ ಸದ್ದಿಲ್ಲ. ಅದರ ಮರುದಿನ ಬೆಳಿಗ್ಗೆಯೂ ಇಲ್ಲ. ಅತ್ತೆ ಗುಡಾಣದ ಪಕ್ಕದಲ್ಲೇ ಆಲೂಗಡ್ಡೆ ಸುಲಿಯುತ್ತ, ಅಲ್ಲೇ ಉಣ್ಣುತ್ತ, ಮತ್ತೆ ಮತ್ತೆ ಕಿವಿ ಹಚ್ಚುತ್ತ ಇದ್ದಳು. ಹೆರ್ಮೆಲಿಂದಾಳ ಕುಡಿಕೆ ಇನ್ನೂ ಕಟ್ಟೆಯ ಮೇಲಿತ್ತು. ಅದರೊಳಗಿನ ಗಷ್ಟು ಎಲೆಯನ್ನು ಮೇಲಕ್ಕೆ ತಳ್ಳಿ ಉಕ್ಕುತ್ತಿತ್ತು. ಅಣಕಿಸುವುದರಲ್ಲಿ ನನ್ನನ್ನೂ ಮೀರಿಸಿತ್ತು ಅದು.

"ಸೋಸಿಮೊ," ಎಂದಳು ಅತ್ತೆ, ಸುಲಿಯುವುದನ್ನು ನಿಲ್ಲಿಸದೆ. "ಅವ್ವನ ಥರ ಮಾತಾಡು."

ಅಜ್ಜಿಯನ್ನು ನಾನು ಯಾವತ್ತೂ ಅನುಕರಿಸಿರಲಿಲ್ಲ. ಮೇಯರನ್ನು ಮಾಡಿದ್ದೇನೆ, ಪಾದ್ರಿಯನ್ನು ಮಾಡಿದ್ದೇನೆ, ರೇಡಿಯೋದಲ್ಲಿ ಸಾವಿನ ಸುದ್ದಿ ಓದುವ ಹೆಂಗಸನ್ನು ಮಾಡಿದ್ದೇನೆ. ಸತ್ತವರನ್ನು ಮಾಡಿದವನಲ್ಲ.

"ಬ್ಯಾಡತ್ತೆ."

"ಮಾಡೋ. ಗುಡಾಣಕ್ಕೆ ಹೇಳ್ತಿದ್ಲಲ್ಲ, ಅದನ್ನ."

ನಾನು ಬೆನ್ನು ಬಗ್ಗಿಸಿದೆ. ಕೆಳದುಟಿಯನ್ನು ಒಳಗೆ ಎಳೆದುಕೊಂಡೆ. ಹಲ್ಲಿಲ್ಲದ ಬಾಯಿಯ ಆ ಸಿಳ್ಳು ತಾನಾಗಿ ಬಂತು. "ಏನೇ ಸೋಮಾರಿ ಮುಂಡೇದೇ, ಇನ್ನೂ ಮಲಗೇ ಇದೀಯಾ? ಹೊಟ್ಟೆ ನೋಡಿದ್ರೆ ಬಸುರಿ ಥರ, ಕೆಲಸ ನೋಡಿದ್ರೆ ಗಂಡಸಿನ ಥರ! ಏಳೇ! ಬಾಯಿ ಬಿಡೇ! ಜನ ಬಂದು ನಿಂತವ್ರೆ!"

ಅತ್ತೆ ಚಾಕು ಕೆಳಗಿಟ್ಟು ಬಿದ್ದು ಬಿದ್ದು ನಕ್ಕಳು. ನಗು ಮುಗಿದ ಮೇಲೆ ಶಾಲಿನ ತುದಿಯಿಂದ ಮುಖ ಮುಚ್ಚಿಕೊಂಡಳು. "ಅವಳ ರುಚಿ ಹೋಯ್ತಲ್ಲೋ. ಇದು ಎದ್ರೂ ಅದಂತೂ ಬರಲ್ಲ," ಎಂದಳು ಶಾಲಿನೊಳಗಿಂದ. ಅವಳು ಕೆಳಗಿಟ್ಟ ಚಾಕು ಎತ್ತಿಕೊಂಡು ಉಳಿದ ಆಲೂಗಡ್ಡೆ ನಾನು ಸುಲಿದೆ.

ಗುಡಾಣ ಎದ್ದದ್ದು ಅಜ್ಜಿಯ ಬೈಗುಳಕ್ಕೋ ಮಧ್ಯಾಹ್ನದ ಬಿಸಿಲಿಗೋ ಹೇಳಲಾರೆ. ಚೂರು ತೊಳೆಯುತ್ತಿದ್ದ ನಮಗೆ ಒಳಗಿನಿಂದ ಒಂದು ಕೂಗು ಕೇಳಿತು. ಓಡಿಹೋಗಿ ನೋಡಿದರೆ ಅತ್ತೆ ಗುಡಾಣವನ್ನು ಎರಡೂ ತೋಳಿನಿಂದ ತಬ್ಬಿ ಕಿವಿ ಒತ್ತಿದ್ದಾಳೆ. ಕೈಸನ್ನೆಯಿಂದ ನೋರ್ಕಾಳನ್ನು ಕರೆದು, ಅವಳ ತಲೆಯನ್ನು ಹಿಡಿದು ಗುಡಾಣಕ್ಕೆ ಒತ್ತಿದಳು. ಹುಡುಗಿಯ ಮುಖ ಅರಳಿದ್ದು ನೋಡಿದ ಮೇಲೆ ನಾನು ಕಿವಿ ಇಡುವ ಅಗತ್ಯವೇ ಇರಲಿಲ್ಲ.

ಆಮೇಲಿನದು ಬರೀ ಓಡಾಟ. ಅಷ್ಟೂ ಮೊಳಕೆ ಅರೆಯಬೇಕು, ಕುದಿಸಬೇಕು, ಆರಿಸಬೇಕು, ಮೊಯ್ಯೆ ನೀರನ್ನು ಹೆಪ್ಪಾಗಿ ಹಾಕಬೇಕು. ಹೆರ್ಮೆಲಿಂದಾ ತನ್ನ ಎರಡು ದೊಡ್ಡ ಹಂಡೆಗಳನ್ನು ಕತ್ತೆಯ ಮೇಲೆ ಹೇರಿಕೊಂಡು ಬಂದಳು.

"ಗಷ್ಟು ಬ್ಯಾಡ ಅಂದೆ. ಹಂಡೇನಾದ್ರೂ ತಗೋತೀಯೋ, ಇಲ್ಲ ಹಂಡೇಲೂ ನನ್ನ ರುಚಿ ಇದ್ಯೋ?"

"ತಳ ಸೀದಿರೋ ರುಚಿ ಇರ್ಬಹುದು. ಇಳಿಸು, ಪರವಾಗಿಲ್ಲ."

ಹೆರ್ಮೆಲಿಂದಾ ಹಂಡೆ ಇಳಿಸಿ, ಕಟ್ಟೆಯ ಮೇಲಿದ್ದ ತನ್ನ ಕುಡಿಕೆಯನ್ನು ಶಾಲಿನೊಳಗೆ ಹಾಕಿಕೊಂಡು, ಹೋಗದೆ ಅಲ್ಲೇ ಒಲೆಗೆ ಸೌದೆ ತುರುಕುತ್ತ ಕೂತಳು.

ಹಬ್ಬದ ದಿನ ಊರೆಲ್ಲ ನೀರಿನ ಮೂಲದ ಹತ್ತಿರ ಕೂಡಿತು. ಶಿಲುಬೆಗೆ ಹೂ ಕಟ್ಟಿ, ಜಗಿಯಲು ಕೋಕಾ ಎಲೆ ಹಂಚಿ, ಕೊಂಬೂದಿ ಕಾಲುವೆಗೆ ಇಳಿದರು. ಹೂಳು ಎದ್ದಿತು, ಧೂಳು ಎದ್ದಿತು, ಹಾಡು ಎದ್ದಿತು. ಮೊದಲ ವಿರಾಮಕ್ಕೆ ಎಲ್ಲರೂ ಬದುವಿನ ಮೇಲೆ ಸಾಲಾಗಿ ಕೂತಾಗ ಅತ್ತೆ ಬಿಂದಿಗೆ ಹೊತ್ತು ಬಂದಳು. ಹೊಸ ಟೋಪಿ, ಟೋಪಿಗೆ ಕೆಂಪು ಹೂ. ರೂಢಿಯಂತೆ ಮೊದಲ ಸೋರೆ ಬಟ್ಟಲು ನೀರಿನ ಯಜಮಾನನಿಗೆ.

ಗ್ಲಿಸೇರಿಯೊ ಸ್ವಲ್ಪವನ್ನು ಕಾಲುವೆಯ ಒಣ ತಳಕ್ಕೆ ಚೆಲ್ಲಿದ. ಬಟ್ಟಲನ್ನು ಬಾಯಿಗೆತ್ತಿ ನಿಲ್ಲಿಸದೆ ಕುಡಿದ. ಮೀಸೆ ಒರೆಸಿಕೊಂಡ. ಹುಬ್ಬು ಗಂಟಾಯಿತು. ಊರಿಗೆಲ್ಲ ಗುಡಾಣದ ಕಥೆ ಗೊತ್ತಿತ್ತಲ್ಲ, ಎಲ್ಲರ ಕಣ್ಣೂ ಆ ಮೀಸೆಯ ಮೇಲೆ.

"ಇದು ಇಸಿದೋರಾಳ ಚಿಚಾ ಅಲ್ಲ," ಎಂದ.

"ಅಲ್ಲ ತೈತಾ."

"ಹೆರ್ಮೆಲಿಂದಾಳದೂ ಅಲ್ಲ."

"ಅಲ್ಲವೇ ಅಲ್ಲ!" ಎಂದಳು ಹೆರ್ಮೆಲಿಂದಾ ಹಿಂದಿನಿಂದ. "ನಂದು ಇಷ್ಟು ಕಚ್ಚಲ್ಲ."

"ಮತ್ತೆ ಯಾರದು?"

ಅತ್ತೆ ಬಿಂದಿಗೆಯನ್ನು ಸೊಂಟಕ್ಕೆ ಸರಿಯಾಗಿ ಇರಿಸಿಕೊಂಡಳು. "ಅವ್ವನದು ಹೋಯ್ತು ತೈತಾ. ಇದು ನಂದು."

ಮುದುಕ ಖಾಲಿ ಬಟ್ಟಲಿನ ತಳ ನೋಡಿದ, ಗುಡ್ಡದ ಕಡೆ ನೋಡಿದ, ಅತ್ತೆಯ ಕಡೆ ನೋಡಿದ. ಆಮೇಲೆ ಬಟ್ಟಲನ್ನು ಮತ್ತೆ ಮುಂದೆ ಚಾಚಿದ.

"ಹೊಸಬರು ಊರಿಗೆ ಬಂದ್ರೆ ಒಂದೇ ಸಲ ಮಾತಾಡಿಸಿ ಬಿಡೋಕಾಗುತ್ತಾ? ಹುಯ್ಯಿ ತಾಯಿ ಇನ್ನೊಂದು."

ಸಾಲಿನ ಉದ್ದಕ್ಕೂ ನಗು ಹರಿಯಿತು. ಬಟ್ಟಲು ಕೈಯಿಂದ ಕೈಗೆ ಹೊರಟಿತು. ನೋರ್ಕಾ ಬಿಂದಿಗೆ ಹೊತ್ತು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓಡಿದಳು. ಯಾರೋ ಅವಳ ಟೋಪಿಗೂ ಹೂ ಸಿಕ್ಕಿಸಿದರು. ಡಾಕ್ಟರರು ಗುದ್ದಲಿ ಹಿಡಿದು ಹೂಳು ಕೆರೆದರು. ಸಣ್ಣ ಬ್ರಷ್ಷಿಗೆ ಪಳಗಿದ ಕೈ, ಒಂದೊಂದೇ ಕಲ್ಲನ್ನು ಎತ್ತಿ ತಿರುಗಿಸಿ ನೋಡಿ ಆಚೆ ಇಡುತ್ತಿದ್ದರು. "ಹೀಗಾದ್ರೆ ನೀರು ಮುಂದಿನ ವರ್ಷಕ್ಕೆ ಬರುತ್ತೆ ಡಾಕ್ಟ್ರೇ!" ಎಂದು ಹುಡುಗರು ಕೂಗಿದರು. ಅವರು ಕುಡಿದರು, ಕೆರೆದರು, ಮತ್ತೆ ಕುಡಿದರು.

ಇಳಿಹೊತ್ತಿಗೆ ಗ್ಲಿಸೇರಿಯೊ ತೂಬು ಎತ್ತಿಸಿದ. ನೀರು ಮುಂದೆ ಒಣ ಎಲೆಯನ್ನು ತಳ್ಳಿಕೊಂಡು, ಕೆಸರು ಬಣ್ಣದಲ್ಲಿ, ನಾಯಿಮರಿಯ ಹಾಗೆ ಅಲ್ಲಲ್ಲಿ ಮೂಸುತ್ತ ಬಂತು. ಮಕ್ಕಳು ಅದರ ಜೊತೆ ಓಡಿದರು.

ಹೊಣೆ ಹೊತ್ತವರು ಎಲ್ಲರೂ ಕುಡಿದ ಮೇಲೆಯೇ ಕುಡಿಯಬೇಕು. ಅತ್ತೆ ಬದುವಿನ ಮೇಲೆ ಕಾಲು ಚಾಚಿ ಕೂತು, ಬಿಂದಿಗೆಯನ್ನು ಪೂರ್ತಿ ಬಗ್ಗಿಸಿ, ಉಳಿದದ್ದನ್ನು ಬಟ್ಟಲಿಗೆ ಸುರಿದುಕೊಂಡಳು. ಅರ್ಧ ಬಟ್ಟಲೂ ತುಂಬಲಿಲ್ಲ. ನೆಲಕ್ಕೆ ನಾಲ್ಕು ಹನಿ ಚೆಲ್ಲಿ ಉಳಿದದ್ದನ್ನು ಬಾಯಲ್ಲಿಟ್ಟುಕೊಂಡು ನೀರನ್ನೇ ನೋಡುತ್ತಿದ್ದಳು. ಪಕ್ಕದಲ್ಲಿ ನೋರ್ಕಾ ಖಾಲಿ ಬಿಂದಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಸ್ವಲ್ಪ ತೆಳು," ಎಂದಳು ಅತ್ತೆ ಕೊನೆಗೆ. "ಕಾಯಿ ಇನ್ನೂ ಚೆನ್ನಾಗಿ ಹಣ್ಣಾಗಿರೋದು ಬೇಕಿತ್ತು. ಕೊರಕಲಿನ ಆಚೆ ದಡದಲ್ಲಿ ಬಿಸಿಲು ಜಾಸ್ತಿ, ಅಲ್ಲಿಂದು ಕಿತ್ತು ತರೋಣ. ನಾಳೆ ಗುಡ್ಡಕ್ಕೆ ಎಷ್ಟು ಹೊತ್ತಿಗೆ ಹೋಗ್ತೀಯೇ ನೀನು?"